ಹಲಸಿನ ಹಣ್ಣೂ ನಾಲ್ಕು ಸೊಳೆಯೂ

ಆಟಿ ತಿಂಗಳ ಜಡಿಮಳೆಯಲ್ಲಿ ನಡೆದ ಸಂಗತಿ ಇದು. ನಂದಿಕೂರಿನ ನಮ್ಮ ಮನೆಯಲ್ಲಿ ಅತ್ತೆಯವರಿಗೆ ಎರಡು ದಿನದಿಂದ ಊಟ ಸೇರುತ್ತಿರಲಿಲ್ಲ. ಮೂರನೆಯ ದಿನ ಏನೇನೋ ಮಾತಾಡತೊಡಗಿದರು, ನನ್ನನ್ನೇ ಗುರುತಿಸಲಿಲ್ಲ. "ವಯಸ್ಸಾಯಿತಲ್ಲ" ಎಂದರು ನಮ್ಮವರು. ನನಗೇಕೋ ಸಮಾಧಾನವಾಗಲಿಲ್ಲ. ಡಾಕ್ಟರು ಬರೆದುಕೊಟ್ಟ ರಕ್ತಪರೀಕ್ಷೆಯ ವರದಿ ಕೈಗೆ ಬರುವಾಗ ರಾತ್ರಿಯಾಗಿ, ಅವರ ಕ್ಲಿನಿಕ್ಕೂ ಮುಚ್ಚಿತ್ತು.

ಮುಂಬಯಿಯಲ್ಲಿ ನರ್ಸ್ ಆಗಿರುವ ಮಗಳಿಗೆ ಫೋನು ಮಾಡಿದೆ. "ಡ್ಯೂಟಿಯಲ್ಲಿದ್ದೇನಮ್ಮ, ಮಾತಾಡ್ಲಿಕ್ಕೆ ಆಗುದಿಲ್ಲ. ವರದಿ ಕಳಿಸು, ನೋಡ್ತೇನೆ" ಎಂದು ಇಟ್ಟುಬಿಟ್ಟಳು. ಐದು ಪುಟಗಳ ಫೋಟೋ ತೆಗೆದು, ಒಟ್ಟು ಸೇರಿಸಿ ಪಿಡಿಎಫ್ ಮಾಡಿದೆ. 18 ಎಂಬಿ ಆಯಿತು. ಕಳಿಸಿದರೆ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ!

ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದುವ ಪಕ್ಕದ ಮನೆಯ ಹುಡುಗನನ್ನು ಕರೆದೆ. ಫೋನು ನೋಡಿ, "ಇವತ್ತಿನ ನೆಟ್ಟಿನ ಪಾಲು ಮುಗಿದುಂಟು ದೊಡ್ಡಮ್ಮ" ಎಂದ. ಬೆಳಿಗ್ಗೆಯಿಂದ ಬಂದ ಮದುವೆ ವೀಡಿಯೋಗಳು, ಮೊಮ್ಮಗನ ಕಾರ್ಟೂನು ಎಲ್ಲ ತಿಂದು ಮುಗಿಸಿದ್ದವು. ಪಾಲು ಮುಗಿದ ಮೇಲೆ ನಮ್ಮ ಪ್ಲಾನಿನಲ್ಲಿ ವೇಗ 64 ಕಿಲೋಬಿಟ್‌ಗೆ ಇಳಿಯುತ್ತದಂತೆ. ಅಂದರೆ ಸೆಕೆಂಡಿಗೆ 8 ಕಿಲೋಬೈಟು. 18 ಎಂಬಿ ಹೋಗಲು ಹತ್ತಿರ ಹತ್ತಿರ 40 ನಿಮಿಷ, ಅದೂ ಸಿಗ್ನಲ್ ಸರಿಯಿದ್ದರೆ!

"ಪುಟ ಎಲ್ಲ ಎಂತಕ್ಕೆ? ಗುರುತು ಹಾಕಿದ್ದನ್ನು ಮಾತ್ರ ಬರೆದು ಕಳಿಸಿ" ಎಂದ. ಒಂದೇ ಒಂದು ಸಾಲಿಗೆ ಗುರುತಿತ್ತು. ಬರೆದೆ: "ಸೋಡಿಯಂ 118. 135ರಿಂದ 145 ಇರಬೇಕು ಎಂದಿದೆ." ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಯಿತು. ಕೂಡಲೇ ಉತ್ತರ: "ಅಮ್ಮ, ಬೆಳಗಾಗುವ ತನಕ ಕಾಯ್ಬೇಡ. ಈಗಲೇ ಅಜ್ಜಿಯನ್ನು ಮಣಿಪಾಲಕ್ಕೆ ಕರ್ಕೊಂಡು ಹೋಗಿ."

ನಮ್ಮ ಕಾರು ಕಾಪು ದಾಟುವಾಗಲೂ ಆ ಪಿಡಿಎಫ್ಫಿನ ಚಕ್ರ ತಿರುಗುತ್ತಲೇ ಇತ್ತು.

ಆಮೇಲೆ ಒಂದು ದಿನ ಹುಡುಗ ಬಿಡಿಸಿ ಹೇಳಿದ. ಫೋಟೋ ಎಂದರೆ ಅಕ್ಷರ ಮಾತ್ರವಲ್ಲ; ಖಾಲಿ ಕಾಗದ, ಮೇಜಿನ ಅಂಚು, ನನ್ನ ಕೈಯ ನೆರಳು ಎಲ್ಲದರ ಬಣ್ಣವೂ ಚುಕ್ಕೆ ಚುಕ್ಕೆಯಾಗಿ ಹೋಗಬೇಕು. ಬೇಕಾದದ್ದು ನಾಲ್ಕು ಸೊಳೆ. ನಾನು ಇಡೀ ಹಲಸಿನ ಹಣ್ಣನ್ನೇ ಬಸ್ಸಿಗೆ ಹೇರಿದ್ದೆ! ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕಾದರೆ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕಂತೆ. 'ಲಕ್ಷ್ಮಿ' ಎಂದು ಬರೆದರೆ ಕಣ್ಣಿಗೆ ಎರಡೇ ಅಕ್ಷರ, ಒಳಗೆ ಏಳು ಚಿಹ್ನೆ, 21 ಬೈಟು. ನಮ್ಮ ಭಾಷೆಯೇ ಭಾರವೇ ಎಂದು ನನಗೆ ಬೇಸರವಾಯಿತು. ಅವನು ನಕ್ಕು ಲೆಕ್ಕ ಹಾಕಿದ: ಆ 18 ಎಂಬಿಯಲ್ಲಿ ಕನ್ನಡದ 60 ಲಕ್ಷ ಚಿಹ್ನೆ ಹಿಡಿಯುತ್ತದೆ. ನಾನು ಬರೆದ ಸಾಲು ನೂರು ಬೈಟೂ ಇರಲಿಲ್ಲ.

ಹಿಂದೆ ತಂತಿ ಕಳಿಸುವಾಗ ಪದಕ್ಕೆ ಇಷ್ಟು ಎಂದು ದುಡ್ಡು. ಅಪ್ಪ ಪೋಸ್ಟಾಫೀಸಿನ ಜಗಲಿಯಲ್ಲಿ ಕೂತು ಒಂದೊಂದೇ ಪದ ಹೊಡೆದುಹಾಕುತ್ತಿದ್ದರು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಿತು. ಅದರೊಂದಿಗೆ ಆ ಮಿತವ್ಯಯವನ್ನೂ ನಾವು ಮರೆತೆವೋ ಏನೋ.

ಸೋದರಿಯರೇ, ಫೋಟೋ ಬೇಡವೆನ್ನುವುದಿಲ್ಲ. ಆದರೆ ಅವಸರದ ಹೊತ್ತಿಗೆ ಮೊದಲು ಎರಡು ಸಾಲು ಬರೆದು ಕಳಿಸಿ, ಫೋಟೋ ಹಿಂದಿನಿಂದ ಬರಲಿ. ಮನೆಯಲ್ಲಿ ಹಿರಿಯರಿದ್ದರೆ ದಿನದ ನೆಟ್ಟಿನಲ್ಲಿ ಒಂದಿಷ್ಟನ್ನು ರಾತ್ರಿಗೆಂದು ಉಳಿಸಿಡಿ, ಬೆಂಕಿಪೆಟ್ಟಿಗೆಯಲ್ಲಿ ಎರಡು ಕಡ್ಡಿ ಉಳಿಸಿದ ಹಾಗೆ.

ಅತ್ತೆಯವರು ಎಂಟನೆಯ ದಿನ ಮನೆಗೆ ಬಂದರು. ಈಗ, "ಎಂತ ಮಾರಾಯ್ತಿ, ಯಾವಾಗ ನೋಡಿದ್ರೂ ಆ ಫೋನು!" ಎಂದು ನನ್ನನ್ನೇ ಗದರುತ್ತಾರೆ. ಆ ಗದರಿಕೆ ಕೇಳಲು ಎಷ್ಟು ಹಿತ!