ಆಫ್ ಎಂದರೆ ಅಳಿಸಿದಂತಲ್ಲ



ಗೋರೆಗಾಂವ್‌ನ ನಮ್ಮ ಮನೆಯಲ್ಲಿ ಕುಕ್ಕರ್, ಕರೆಗಂಟೆ, ಫೋನು ಎಲ್ಲಕ್ಕೂ ಓಗೊಡುವವಳು ನಾನೊಬ್ಬಳೇ. ಕಂಪ್ಯೂಟರಿನಲ್ಲಿ ಇದೇ ಕೆಲಸ ಮಾಡುವುದು ‘ಇವೆಂಟ್ ಲೂಪ್’ ಎಂದು ಮಗ ವಿವರಿಸಿದ. ಲಿನಕ್ಸ್‌ನ ಸಿಸ್ಟಮ್‌ಡಿಯಲ್ಲಿ ಕರೆ ಬರುವ ಪ್ರತಿ ಮೂಲಕ್ಕೂ 3 ಸ್ಥಿತಿ: ಆನ್, ಆಫ್, ಒನ್‌ಶಾಟ್. ಒನ್‌ಶಾಟ್ ಎಂದರೆ ಒಂದೇ ಸಲ ಓಗೊಟ್ಟು ತಾನೇ ಆಫ್ ಆಗುವುದು.

ಆಫ್ ಮಾಡಿದ ಮೂಲಕ್ಕೆ ಲೂಪ್ ಕಿವಿಗೊಡದು. ಆದರೆ ಅದನ್ನು ಪಟ್ಟಿಯಿಂದ ಕಿತ್ತುಹಾಕುವುದೂ ಇಲ್ಲ. ಜಾಲದಿಂದ ಬಂದ ಮಾಹಿತಿ ಕರ್ನಲ್‌ನ ಬಫರ್‌ನಲ್ಲಿ ಕಾದಿರುತ್ತದೆ. ಆನ್ ಮಾಡಿದೊಡನೆ ಕೈಗೆ ಸಿಗುತ್ತದೆ. ಬಫರ್ ತುಂಬಿದರೆ ಮಾತ್ರ, ಟಿಸಿಪಿಯಲ್ಲಿ ಕಳುಹಿಸುವವರೇ ಸುಮ್ಮನಾಗಬೇಕಾಗುತ್ತದೆ.

ಪರೀಕ್ಷೆ, ಆಫೀಸು ಎಂದು ಊರಿನ ಅಜ್ಜಿಯ ಕರೆಯನ್ನು ಆಫ್ ಇಡುವುದು ತಪ್ಪಲ್ಲ. ಅವರೂ ಸುಮ್ಮನಾಗುವ ಮೊದಲು ಆನ್ ಮಾಡಿ.