ವೃತ್ತಿಯಿಲ್ಲದ ಸೂತ್ರ

ಕೆಲವು ತಿಂಗಳುಗಳ ಹಿಂದೆ ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಸರಕು ಹಡಗುಗಳ ನೌಕರರು ತಮ್ಮ ಕೆಲಸ ಹಾಗೂ ವಿಶ್ರಾಂತಿಯ ವೇಳೆಯನ್ನು ಬರೆದಿಡುವುದಕ್ಕಾಗಿ ತಾನು ರಚಿಸುತ್ತಿದ್ದ ವೆಬ್ ಆ್ಯಪ್ ಒಂದನ್ನು ತೋರಿಸಿ, "ಗುರುಗಳೇ, ತಾವು ಇದನ್ನು ಪರೀಕ್ಷಿಸಬೇಕು" ಎಂದನು. ಹಡಗನ್ನೇ ಏರದ ನಮ್ಮಿಂದೇನು ಪ್ರಯೋಜನವೆಂದು ಕೇಳಿದೆವು. "ತಮಗೇನೂ ತಿಳಿಯದಿರುವುದೇ ಪ್ರಯೋಜನ" ಎಂದು ನಕ್ಕನು.

ನಾವು ಒಪ್ಪಿದುದಕ್ಕೆ ಬೇರೊಂದು ಕಾರಣವಿದ್ದಿತು. ನಮ್ಮ ಸೋದರಿಯ ಮಗನು ಹಡಗೊಂದರಲ್ಲಿ ಎರಡನೆಯ ಅಧಿಕಾರಿ. ನಡುರಾತ್ರಿ 12ರಿಂದ 4ರವರೆಗೆ, ಮರಳಿ ಮಧ್ಯಾಹ್ನ 12ರಿಂದ 4ರವರೆಗೆ ಅವನ ಪಹರೆ. ನಡುವೆ ಇತರ ಕೆಲಸಗಳು ಬೇರೆ. 2006ರ ಸಾಗರ ಕಾರ್ಮಿಕ ಒಪ್ಪಂದವು ವಿಧಿಸುವ ಕನಿಷ್ಠ ವಿಶ್ರಾಂತಿಯು 24 ಗಂಟೆಗಳಲ್ಲಿ 10 ಗಂಟೆ, 7 ದಿನಗಳಲ್ಲಿ 77 ಗಂಟೆ. ಇದರ ಲೆಕ್ಕವನ್ನು ನಿತ್ಯವೂ ಇಡತಕ್ಕದ್ದು. ಬೆಳಗಿನ 4 ಗಂಟೆಗೆ ಕಣ್ಣೆಳೆಯುತ್ತಿರುವಾಗ ಆ ಲೆಕ್ಕವನ್ನು ತುಂಬುವುದೇ ತನಗೆ ದೊಡ್ಡ ಕೆಲಸವೆಂದು ಅವನು ತಾಯಿಯೊಡನೆ ಹಲುಬಿದ್ದುದನ್ನು ನಾವು ಬಲ್ಲೆವು.

ಪರದೆಯ ಮೇಲೆ ಆರು ಚಿತ್ರಗಳಿದ್ದುವು, ಒಂದಕ್ಕೂ ಹೆಸರಿಲ್ಲ. ಚಂದ್ರನೆಂದರೆ ವಿಶ್ರಾಂತಿಯಿರಬೇಕೆಂದು ಒತ್ತಿದೆವು, ಪರದೆಯೆಲ್ಲ ಕಪ್ಪಾಯಿತು! ಗಡಿಯಾರವನ್ನು ಒತ್ತಿದೆವು, ಹಿಂದಿನ ತಿಂಗಳ ಪಟ್ಟಿ ಬಂದಿತು. ಶಿಷ್ಯನು ಬಾಯಿಬಿಡದೆ ನಮ್ಮ ತಪ್ಪುಗಳನ್ನು ಬರೆದುಕೊಳ್ಳುತ್ತಿದ್ದನು.

ಅರ್ಧಮಾತ್ರೆ ಉಳಿದರೂ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂತೋಷವಂತೆ. ಆದರೆ ಸೂತ್ರದ ಲಾಘವವನ್ನು ವೃತ್ತಿಯೂ ಗುರುವೂ ಕಾಯುತ್ತಾರೆ. ನಿದ್ದೆಗೆಟ್ಟ ನಾವಿಕನ ಬಳಿಯಲ್ಲಿ ಭಾಷ್ಯಕಾರನು ಯಾರಿದ್ದಾನೆ?

ಇದು ಕೇವಲ ಅನುಕೂಲದ ಮಾತಲ್ಲ. 2017ರ ಆಗಸ್ಟ್ 21ರ ಬೆಳಗಿನ ಜಾವದಲ್ಲಿ ಸಿಂಗಾಪುರದ ಬಳಿ ಅಮೆರಿಕದ ಯುದ್ಧನೌಕೆ 'ಜಾನ್ ಎಸ್. ಮೆಕೇನ್' ತೈಲನೌಕೆಯೊಂದಕ್ಕೆ ಢಿಕ್ಕಿಯಾಗಿ 10 ಮಂದಿ ನಾವಿಕರು ಮಡಿದರು. ಸ್ಪರ್ಶಪರದೆಯ ಮೂಲಕ ಚುಕ್ಕಾಣಿಯ ಅಧಿಕಾರವು ಪಕ್ಕದ ಸ್ಥಾನಕ್ಕೆ ಹೋದುದನ್ನರಿಯದೆ, ಚುಕ್ಕಾಣಿಯೇ ಕೆಟ್ಟಿತೆಂದು ಚುಕ್ಕಾಣಿಗನು ಬಗೆದನು. ಶಿಕ್ಷಣದ ಕೊರತೆಯೂ ದಣಿವೂ ಜೊತೆಗೂಡಿದ್ದುವೆಂದು ವಿಚಾರಣೆಯು ಕಂಡಿತು. ವೇಗವನ್ನು ನಿಯಂತ್ರಿಸಲು ಕೈಯಿಂದ ಹಿಡಿಯುವ ಸನ್ನೆಗಳನ್ನೇ ಮರಳಿ ಕೂಡಿಸುವೆವೆಂದು 2019ರಲ್ಲಿ ಆ ನೌಕಾಪಡೆಯು ತಿಳಿಸಿತು.

ಇಲ್ಲಿ ನಾವು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಒಂದು ವರ್ಷ ನಮ್ಮ ವ್ಯಾಕರಣದ ಪ್ರಶ್ನೆಯೊಂದಕ್ಕೆ ತರಗತಿಯ ಮುಕ್ಕಾಲು ಪಾಲು ಹುಡುಗರು ತಪ್ಪಾಗಿ ಉತ್ತರಿಸಿದರು. ಪ್ರಶ್ನೆಯ ವಾಕ್ಯವೇ ಎರಡರ್ಥ ಕೊಡುವಂತಿದ್ದಿತು. ನಾವು ಅದನ್ನು ಕಾಣದೆ, ಅಂಕಗಳನ್ನು ಕಳೆದು, ಮೇಲೆ ಬೈಗುಳವನ್ನೂ ಕೊಟ್ಟೆವು. ಆ ಹುಡುಗರಲ್ಲಿ ಈ ಶಿಷ್ಯನೂ ಒಬ್ಬನು. ಅಂದು ನಾವು ಬೈದೆವು. ಇಂದು ನಾವು ತಪ್ಪಿದಾಗ ಆತನು ತನ್ನ ಕೆಲಸವನ್ನು ತಿದ್ದಿಕೊಂಡನು.

ಮರುವಾರ ಬಂದಾಗ ಪರದೆಯಲ್ಲಿ ಎರಡೇ ದೊಡ್ಡ ಗುಂಡಿಗಳು: 'ಕೆಲಸ ಆರಂಭ', 'ವಿಶ್ರಾಂತಿ ಆರಂಭ'. ನಡುಗಡಲಲ್ಲಿ ಉಪಗ್ರಹದ ಸಂಪರ್ಕ ಕಡಿದರೂ ಬರೆದುದು ಅಳಿಯದೆ, ಸಂಪರ್ಕ ಬಂದೊಡನೆ ತಾನಾಗಿ ದಡ ಸೇರುವುದು. ವಿಶ್ರಾಂತಿ ಸಾಲದಿದ್ದರೆ ಕೆಂಪು ಗುರುತು.

ಸೋದರಳಿಯನಿಗೆ ಇದನ್ನು ಹೇಳಿದೆವು. "ಗುಂಡಿಗಳು ಚೆನ್ನಾಗಿವೆ, ಮಾವಾ. ಆದರೆ ಕೆಂಪು ಕಂಡರೆ ಬೈಸಿಕೊಳ್ಳುವವರು ನಾವೇ ಆದರೆ, ಅದನ್ನು ಹಸುರಾಗುವಂತೆ ತಿದ್ದಿಬಿಡುತ್ತೇವೆ" ಎಂದನು. ಶಿಷ್ಯನಿಗೆ ಆ ಮಾತನ್ನು ತಲಪಿಸಿದೆವು. ಆತನು ಬಹಳ ಹೊತ್ತು ಸುಮ್ಮನಿದ್ದು, "ಕೆಂಪು ಗುರುತು ಕಂಡಾಗ ಕಂಪೆನಿಯವರು ಯಾರನ್ನು ಕೇಳಬೇಕೆಂಬುದು ನನ್ನ ಕೈಯಲ್ಲಿಲ್ಲ; ಆದರೂ ಅವರ ಮುಂದೆ ಹೇಳುವೆನು" ಎಂದನು.

ಹೇಳಲಿ. ಉತ್ತರ ತಪ್ಪಾದಾಗ ಮೊದಲು ಪ್ರಶ್ನೆಯನ್ನು ನೋಡಬೇಕೆಂಬುದನ್ನು ನಾವು ಅರವತ್ತಕ್ಕೆ ಕಲಿತೆವು. ಅವರಾದರೂ ಬೇಗ ಕಲಿಯಲಿ.