ಹುಂಜವೋ, ಹೇಂಟೆಯೋ?

ವಿರಾರಿನಲ್ಲಿ ನಮ್ಮದು ಬೈಠಿ ಚಾಳು. ಹಿಂದುಗಡೆ ನಾಲ್ಕು ಮಾರು ಅಂಗಳ, ಒಂದು ಬಾಳೆಗಿಡ. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಚಿಕ್ಕ ಮಗಳು ಸ್ಟೇಶನ್ ರಸ್ತೆಯಿಂದ ಮೂರು ಕೋಳಿಮರಿ ತಂದಳು. ಒಂದು ಗುಲಾಬಿ, ಒಂದು ಹಸಿರು, ಒಂದು ನೇರಳೆ. ಬುಟ್ಟಿಯವನು ಬಣ್ಣದ ನೀರಿನಲ್ಲಿ ಅದ್ದಿ ತೆಗೆದವು. "ಎಲ್ಲವೂ ಮೊಟ್ಟೆ ಇಡುತ್ತವಂತೆ ಅಪ್ಪಾ" ಎಂದಳು. ಆಗಲೇ ಒಂದಕ್ಕೆ ಲಕ್ಷ್ಮಿ ಎಂದು ನಾಮಕರಣವೂ ಆಗಿತ್ತು.

ಮೊಟ್ಟೆ ಇಡಬೇಕಾದರೆ ಹೇಂಟೆಯಾಗಿರಬೇಕಲ್ಲ! ಚಾಳಿನವರೆಲ್ಲ ನನ್ನ ಮುಖ ನೋಡಿದರು. ನಾನು ಬಿ.ಎಸ್ಸಿ., ಅದರಲ್ಲೂ ಪ್ರಾಣಿಶಾಸ್ತ್ರ. ಕಾಲೇಜಿನಲ್ಲಿ ಕಪ್ಪೆ ಕೊಯ್ದದ್ದುಂಟು. ಕೋಳಿಮರಿ ಗಂಡೋ ಹೆಣ್ಣೋ ಹೇಳುವುದನ್ನು ಯಾರೂ ಕಲಿಸಿರಲಿಲ್ಲ. ಊರಿನಲ್ಲಿ ನನ್ನಜ್ಜಿ ಕಾವಿಗೆ ಇಡುವಾಗಲೇ ಚೂಪು ಮೊಟ್ಟೆ ಹುಂಜ, ಉರುಟು ಮೊಟ್ಟೆ ಹೇಂಟೆ ಎಂದು ಆರಿಸುತ್ತಿದ್ದರು. ರೋಮಿನ ಪ್ಲಿನಿಯೂ ಹಾಗೆಯೇ ಬರೆದಿದ್ದಾನೆ. ಅವನಿಗಿಂತ ಹಿಂದಿನ ಅರಿಸ್ಟಾಟಲ್ ಬರೆದದ್ದು ಅದಕ್ಕೆ ತೀರ ತಿರುಗುಮುರುಗು. ಆಕಾರ ನೋಡಿ ಹೇಳಲು ಬರುವುದಿಲ್ಲ ಎಂಬುದು ಅಜ್ಜಿ ಸೇರಿ ಮೂವರಿಗೂ ತಿಳಿದಿರಲಿಲ್ಲ.

ಪುಸ್ತಕ ತಿರುವಿ ಹಾಕಿದೆ. 1920ರ ದಶಕದಲ್ಲಿ ಜಪಾನಿನ ಮಸುಯಿ, ಹಾಶಿಮೊಟೊ ಮೊದಲಾದವರು ಒಂದು ದಿನದ ಮರಿಯ ಗುದದ್ವಾರವನ್ನು ಮೆಲ್ಲಗೆ ಒತ್ತಿ, ಒಳಗಿನ ಸಾಸಿವೆಗಿಂತ ಚಿಕ್ಕ ಉಬ್ಬು ನೋಡಿ ಹೇಳುವ ವಿದ್ಯೆ ಕಂಡುಹಿಡಿದರು. ಪಳಗಿದವರು ಗಂಟೆಗೆ ಸಾವಿರದಷ್ಟು ಮರಿ ಬೇರ್ಪಡಿಸುತ್ತಾರೆ; ಪಳಗದವನು ಒತ್ತಿದರೆ ಮರಿಯೇ ಸತ್ತೀತು. ಕೆಲವು ತಳಿಗಳಲ್ಲಿ ಮೊದಲ ಒಂದೆರಡು ದಿನ ರೆಕ್ಕೆ ಬಿಡಿಸಿ ನೋಡಿದರೆ ಹೇಂಟೆಯ ಗರಿಗಳು ಉದ್ದ-ಗಿಡ್ಡ ಇರುತ್ತವೆ, ಹುಂಜದವು ಸರಿಸಮ. ಆದರೆ ಅದಕ್ಕೆ ತಾಯಿತಂದೆಯನ್ನೇ ಲೆಕ್ಕ ಹಾಕಿ ಕೂಡಿಸಿರಬೇಕು. ಊರಕೋಳಿಗೆ ಆ ಲೆಕ್ಕ ನಡೆಯದು.

ನಮ್ಮಂಥವರಿಗೆ ಉಳಿದದ್ದು ಕಾಯುವ ದಾರಿ. ಆರೆಂಟು ವಾರಕ್ಕೆ ಹುಂಜದ ಜುಟ್ಟು ದೊಡ್ಡದಾಗಿ ಕೆಂಪೇರುತ್ತದೆ, ಕಾಲು ದಪ್ಪವಾಗುತ್ತದೆ. ಮೂರು ತಿಂಗಳ ಹೊತ್ತಿಗೆ ಕುತ್ತಿಗೆ, ಸೊಂಟದ ಮೇಲೆ ಚೂಪು ಗರಿ ಇಳಿದರೆ ಹುಂಜ. ಗರಿಯ ತುದಿ ದುಂಡಗಿದ್ದರೆ ಹೇಂಟೆ.

ಒಂದನ್ನು ಕಾಗೆ ಒಯ್ದಿತು. ಉಳಿದೆರಡರ ಬಣ್ಣ ಹೋಗಿ ಬಿಳಿ ಗರಿ ಬಂತು, ಕೆಂಪು ಜುಟ್ಟು ಬಂತು. ಒಂದು ದಿನ ಬೆಳಕು ಹರಿಯುವ ಮುಂಚೆ ಲಕ್ಷ್ಮಿ ಕತ್ತೆತ್ತಿ ಕೂಗಿದಳು. ಅಲ್ಲ, ಕೂಗಿದ.

"ಎರಡೂ ಹುಂಜ ಯಾಕಪ್ಪಾ?" ಎಂದು ಮಗಳು ಕೇಳಿದಳು. ಹೇಳಿದೆ: ಮೊಟ್ಟೆ ಕೋಳಿಯ ಹ್ಯಾಚರಿಗಳಲ್ಲಿ ಮೊದಲ ದಿನವೇ ಹೆಣ್ಣುಮರಿಗಳನ್ನು ಆರಿಸಿಕೊಳ್ಳುತ್ತಾರೆ. ಗಂಡು ಮೊಟ್ಟೆ ಇಡುವುದಿಲ್ಲ, ಬೇಗ ಮಾಂಸವನ್ನೂ ತುಂಬಿಕೊಳ್ಳುವುದಿಲ್ಲ. ಅಂಥವು ಕೆಲವು ಬಣ್ಣದ ಬುಟ್ಟಿಗೆ ಬರುತ್ತವೆ, ಹಲವು ಅಂದೇ ಸಾಯುತ್ತವೆ. ಜರ್ಮನಿಯಲ್ಲಿ 2022ರಿಂದ ಹಾಗೆ ಕೊಲ್ಲುವುದನ್ನು ಕಾನೂನು ನಿಷೇಧಿಸಿದೆ.

"ಬೇಡ ಅಂತ ಗೊತ್ತಾದ ಕೂಡಲೇ ಬಿಸಾಡೋದಾ?" ಎಂದಳು.

ನಾನು ಸುಮ್ಮನಾದೆ. ಹನ್ನೊಂದು ವರ್ಷಗಳ ಹಿಂದೆ, ಇದೇ ಮಗಳು ತಾಯಿಯ ಹೊಟ್ಟೆಯಲ್ಲಿದ್ದಾಗ, ಊರಿನಿಂದ ಬಂದ ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದಿದ್ದರು. "ಮೊದಲನೆಯದು ಹೆಣ್ಣು. ಈ ಸಲ ಮೊದಲೇ ನೋಡಿಸಿಬಿಡು ಮಾರಾಯ, ಹೇಳುವವರಿದ್ದಾರೆ." ಅಂಥ ಪರೀಕ್ಷೆಗೆ ಕಡಿವಾಣ ಹಾಕಿ ಮಹಾರಾಷ್ಟ್ರ 1988ರಲ್ಲೇ, ದೇಶದಲ್ಲಿ ಮೊದಲು, ಕಾನೂನು ಮಾಡಿತ್ತು; 1994ರಲ್ಲಿ ಕೇಂದ್ರವೂ ಮಾಡಿತು. ಕೋಳಿಯಲ್ಲಿ ಗಂಡೋ ಹೆಣ್ಣೋ ಎಂಬುದು ತಾಯಿಯ ಅಂಡದಿಂದ ನಿಶ್ಚಯ, ಮನುಷ್ಯರಲ್ಲಿ ತಂದೆಯ ವೀರ್ಯಾಣುವಿನಿಂದ ಎಂಬ ಪ್ರಾಣಿಶಾಸ್ತ್ರವೂ ನನಗೆ ಗೊತ್ತಿತ್ತು. ಆದರೂ ಆ ಕೂಡಲೇ "ಇಲ್ಲ" ಎನ್ನಲು ಬಾಯಿ ಬರಲಿಲ್ಲ. ಎರಡು ರಾತ್ರಿ ಹೊರಳಾಡಿದೆ. ಮೂರನೆಯ ದಿನ ನನ್ನವಳೇ ಕೇಳಿದಳು: "ತಿಳಿದುಕೊಂಡು ಏನು ಮಾಡುತ್ತೀರಿ?" ಅಲ್ಲಿಗೆ ಮಾತು ಮುಗಿಯಿತು. ಮುಗಿಸಿದವಳು ಅವಳು, ನಾನಲ್ಲ.

ಎರಡು ಹುಂಜ ಒಂದೇ ಅಂಗಳದಲ್ಲಿ ಕಾದಾಡತೊಡಗಿದಾಗ ಒಂದನ್ನು ಅರ್ನಾಳದ ಪರಿಚಯದವರ ತೋಟಕ್ಕೆ ಕೊಟ್ಟೆವು. ಇನ್ನೊಂದು ನಮ್ಮಲ್ಲೇ ಇದೆ. ಮೊಟ್ಟೆಯಿಲ್ಲ, ಲಾಭವಿಲ್ಲ, ನೆರೆಯವರ ನಿದ್ರೆ ಕೆಡಿಸಿ ಬೈಗಳು ತರುತ್ತದೆ. ಹೆಸರು ಬದಲಿಸೋಣವೇ ಎಂದರೆ ಮಗಳು ಒಪ್ಪುವುದಿಲ್ಲ. "ಲಕ್ಷ್ಮೀ" ಎಂದು ಕರೆದರೆ ಜುಟ್ಟು ಕುಣಿಸುತ್ತಾ ಓಡಿ ಬರುತ್ತಾನೆ.